ಕೊರಳಿಗೊಂದು ಚಿಪ್ಪಿನ ಸರ

ತಿಪಟೂರಿನಲ್ಲಿ ಆ ವರ್ಷಗಳಲ್ಲಿ ನಾನು ಅಂಗಡಿ ಬಾಗಿಲು ತೆಗೆಯುತ್ತಿದ್ದುದು ಗಡಿಯಾರ ನೋಡಿ ಅಲ್ಲ, ಕರೆಂಟು ನೋಡಿ. ಬಾಗಿಲ ಮೇಲಿನ ಬಲ್ಬು ಹೊತ್ತಿಕೊಂಡರೆ ಕೆಲಸ, ಆರಿದರೆ ಹರಟೆ. ಶಾಲೆಗಳಿಗೆ ಶೀಲ್ಡು, ಕಚೇರಿಗಳಿಗೆ ರಬ್ಬರ್ ಸ್ಟಾಂಪು, ಹೊಸ ಮನೆಗಳಿಗೆ ನಾಮಫಲಕ, ಇಷ್ಟು ನನ್ನ ಕಸುಬು. ಅಂಗಡಿಯ ಹಿಂದೆಯೇ ಮನೆ, ಗಂಡ ಹೈಸ್ಕೂಲಿನಲ್ಲಿ ಮೇಷ್ಟ್ರು. ಅಂಗಡಿ, ಯಂತ್ರ, ಗಿರಾಕಿಗಳ ಜೊತೆಗಿನ ಜಗಳ ಎಲ್ಲ ನನ್ನ ಪಾಲಿನದು. ಕೋಪ ನನಗೆ ಆಗ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ಸ್ವಲ್ಪ ಹಿಂದಕ್ಕೆ ಸರಿದಿದೆ, ಅಷ್ಟೆ.

ಯಂತ್ರವೆಂದರೆ ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ ಲೇಸರ್ ಕಟ್ಟಿಂಗ್ ಯಂತ್ರ. ಒಳಗೆ ಮೊಳದುದ್ದದ ಗಾಜಿನ ಕೊಳವೆ, ಅದು ಕಾಯದಂತೆ ಸುತ್ತ ನೀರು ಹರಿಯುತ್ತಿರಬೇಕು. ಅದಕ್ಕೊಂದು ಬಕೆಟ್ಟು, ಬಕೆಟ್ಟಿನಲ್ಲೊಂದು ಪಂಪು. ಕೊಳವೆಯಿಂದ ಹೊರಟ ಕಿರಣ ಕಣ್ಣಿಗೆ ಕಾಣದು. ಕನ್ನಡಿಯಿಂದ ಕನ್ನಡಿಗೆ ಪುಟಿದು, ಒಂದು ಪುಟ್ಟ ಮಸೂರದೊಳಗಿಂದ ಇಳಿದು, ಕೆಳಗಿಟ್ಟ ವಸ್ತುವನ್ನು ಕೂದಲೆಳೆಯಷ್ಟು ಅಗಲಕ್ಕೆ ಸುಟ್ಟು ಸೀಳುತ್ತಿತ್ತು. ಕಂಪ್ಯೂಟರಿನಲ್ಲಿ ಯಾವ ಗೆರೆ ಬರೆದರೆ ಆ ಗೆರೆ. ಬೇಸಿಗೆಯಲ್ಲಿ ಬಕೆಟ್ಟಿನ ನೀರು ಬಿಸಿಯಾದರೆ ನಾನು ಮಣ್ಣಿನ ಹರವಿಯಿಂದ ತಣ್ಣೀರು ತುಂಬಿ ಹೊಯ್ಯುತ್ತಿದ್ದೆ. ನಮಗೆ ಕುಡಿಯಲು ಉಳಿಯದಿದ್ದರೂ ಯಂತ್ರಕ್ಕೆ ಉಳಿಯಬೇಕು. ಅಷ್ಟು ಪ್ರೀತಿ ನನಗೆ ಅದರ ಮೇಲೆ.

ಆ ಯಂತ್ರದಲ್ಲಿ ಒಡವೆ ಮಾಡಿಸಲು ಬಂದವಳು ನಮ್ಮ ಬೀದಿಯ ಕೊನೆಯಲ್ಲಿದ್ದ ಕೊಬ್ಬರಿ ವ್ಯಾಪಾರಿಗಳ ಮಗಳು. ಪಕ್ಕದ ಕಂಪ್ಯೂಟರ್ ಸೆಂಟರಿನಲ್ಲಿ ಮಕ್ಕಳಿಗೆ ಟೈಪಿಂಗು, ಚಿತ್ರ ಬಿಡಿಸುವುದು ಹೇಳಿಕೊಡುತ್ತಿದ್ದಳು. ನನ್ನ ಶೀಲ್ಡುಗಳ ಅಕ್ಷರ ಚೆನ್ನಾಗಿಲ್ಲ ಎಂದು ಮುಖಕ್ಕೆ ಹೇಳುವ ಧೈರ್ಯ ಇದ್ದವಳು ಅವಳೊಬ್ಬಳೇ. ಆ ದಿನ ತಾಯಿಯ ಜೊತೆ ಬಂದಿದ್ದಳು. ತಾಯಿ ಹಣೆ ತುಂಬ ವಿಭೂತಿ ಇಟ್ಟ, ಮಾತಿನಲ್ಲಿ ಖಾರ ಇದ್ದ ಹೆಂಗಸು. ಬಂದವರೇ ಬಾಗಿಲು ಮುಂದಕ್ಕೆ ಎಳೆದರು.

"ಮೇಷ್ಟ್ರಮ್ಮ, ಈ ಮಾತು ಈ ನಾಕು ಗೋಡೆ ದಾಟ್ಬಾರ್ದು ಕಣ್ರೀ" ಎಂದು ಶುರು ಮಾಡಿದರು.

ಹುಡುಗಿಯ ಮೈಗೆ ಲೋಹ ಆಗುತ್ತಿರಲಿಲ್ಲ. ಹಿತ್ತಾಳೆ, ತಾಮ್ರ, ಗಿಲೀಟು ಬಿಡಿ, ಚಿನ್ನದ ಸರ ಹಾಕಿದರೂ ಅದಕ್ಕೆ ಬೆರೆಸಿದ ಬೇರೆ ಲೋಹಕ್ಕೆ ಕತ್ತು ಕೆಂಪಾಗಿ, ಗುಳ್ಳೆ ಎದ್ದು, ನೀರು ಸೋರುತ್ತಿತ್ತು. ತುಮಕೂರಿನ ಚರ್ಮದ ಡಾಕ್ಟರು ತಾಳಿಯೊಂದನ್ನು ಅಚ್ಚ ಚಿನ್ನದಲ್ಲಿ ಮಾಡಿಸಿ ಅರಿಶಿನದ ದಾರದಲ್ಲಿ ಕಟ್ಟಿದರೆ ತೊಂದರೆಯಿಲ್ಲ, ಉಳಿದದ್ದು ಯಾವುದೂ ಬೇಡ ಎಂದಿದ್ದರು. ಡಾಕ್ಟರ ಬಳಿ ಹೋಗುವ ಮೊದಲೇ ಒಂದು ಸಲ ಮದುವೆ ಗೊತ್ತಾಗಿ, ವೀಳ್ಯ ಬದಲಾಯಿಸುವ ದಿನ ಚಿಕ್ಕಮ್ಮ ದೊಡ್ಡಮ್ಮಂದಿರ ಸರಗಳನ್ನೆಲ್ಲ ಹೇರಿ ಕೂರಿಸಿದ್ದರಂತೆ. ಸೆಕೆ, ಬೆವರು. ಊಟದ ಹೊತ್ತಿಗೆ ಕತ್ತೆಲ್ಲ ಬೆಂದ ಹಾಗಾಗಿತ್ತು. ‘ಹುಡುಗಿ ಮೈಮೇಲೆ ಏನೋ ಐತೆ’ ಎಂದು ಗಂಡಿನ ಕಡೆಯವರು ಎದ್ದು ಹೋದವರು ಮತ್ತೆ ಬರಲಿಲ್ಲ. ಈಗ ತುರುವೇಕೆರೆ ಕಡೆಯ ತೋಟದವರ ಮನೆಯಿಂದ ಸಂಬಂಧ ಕೂಡಿ ಬಂದಿತ್ತು. ಮದುವೆಗೆ ತಿಂಗಳು ಕೂಡ ಇರಲಿಲ್ಲ. ಮತ್ತೊಮ್ಮೆ ಹಾಗಾದರೆ ಈ ಹುಡುಗಿಯ ಬಗ್ಗೆ ಊರೂರಲ್ಲಿ ಮಾತಾಗಿ, ಯಾರೂ ಹೊಸ್ತಿಲು ತುಳಿಯುವುದಿಲ್ಲ ಎಂಬುದು ತಾಯಿಯ ಭಯ.

"ಗಂಡಿನ ಕಡೆಯವರಿಗೆ ಹೇಳ್ಬುಡೋಣ ಅಂತೀನಿ ಅಕ್ಕಾ, ಅಮ್ಮ ಬಿಡ್ತಿಲ್ಲ" ಎಂದಳು ಹುಡುಗಿ.

"ನೀ ಸುಮ್ನಿರೇ! ಒಂದ್ಸಲ ಆಗಿದ್ದು ಸಾಲ್ದಾ?" ಎಂದು ತಾಯಿ ಗದರಿಸಿದರು. ಅವರಿಗೆ ಬೇಕಾಗಿದ್ದು ಚಿನ್ನದಂತೆ ಕಾಣುವ, ಆದರೆ ಲೋಹವಲ್ಲದ ಒಡವೆ.

ನನ್ನ ಹತ್ತಿರ ಶೀಲ್ಡಿಗೆ ಹಾಕುವ ಚಿನ್ನದ ಬಣ್ಣದ ಅಕ್ರಿಲಿಕ್ ಹಾಳೆ ಇತ್ತು. ಒಂದು ಚೂರು ಕತ್ತರಿಸಿ ಅವಳ ಕತ್ತಿಗೆ ಹಿಡಿದೆ. ಕನ್ನಡಿ ನೋಡಿಕೊಂಡು ಅವಳು ನಗಲು ಶುರು ಮಾಡಿದಳು. "ಅಕ್ಕಾ, ನಾನು ಕಬಡ್ಡೀಲಿ ಗೆದ್ದ ಕಪ್ ಇದ್ದಂಗೆ ಕಾಣ್ತೀನಿ." ತಾಯಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಹುಡುಗಿ ಹಿಂಬಾಗಿಲಿಗೆ ಹೋಗಿ, ನೀರೊಲೆಗೆಂದು ರಾಶಿ ಹಾಕಿದ್ದ ತೆಂಗಿನ ಚಿಪ್ಪಿನಿಂದ ಒಂದು ಚೂರು ಎತ್ತಿಕೊಂಡಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಚಿಮುಕಿಸಿ ಅದನ್ನು ಉಜ್ಜುತ್ತಾ ಕೂತಳು. ನಾರು, ಬೂದುಬಣ್ಣ ಎಲ್ಲ ಹೋದ ಮೇಲೆ ಕೆಳಗಿನಿಂದ ಕಪ್ಪುಗೆಂಪು ಬಣ್ಣ, ಅದರೊಳಗೆ ಹುಲ್ಲಿನೆಳೆಯಂಥ ಗೆರೆಗಳು ಎದ್ದು ಬಂದವು. ಹುಟ್ಟಿದಾಗಿನಿಂದ ಚಿಪ್ಪು ಒಲೆಗೆ ತುರುಕಿದವಳು ನಾನು. ಅದಕ್ಕೊಂದು ಮೈಬಣ್ಣ ಇದೆಯೆಂದು ಆವತ್ತೇ ನೋಡಿದ್ದು.

ತಾಯಿಗೆ ಮಾತ್ರ ಸಿಟ್ಟು ಬಂತು. ಯಾರಿಗಾದರೂ ಮೋಸವಾದರೆ ‘ಕೈಗೆ ಚಿಪ್ಪು ಕೊಟ್ಟ’ ಎನ್ನುವ ಸೀಮೆ ನಮ್ಮದು. ಚಿಪ್ಪು ಎಂದರೆ ಭಿಕ್ಷೆ, ಇಲ್ಲದಿದ್ದರೆ ಬೆಂಕಿ. "ಊರ ಮುಂದೆ ಮಗಳ ಕತ್ತಿಗೆ ಚಿಪ್ಪು ಕಟ್ಟಿ ಕೂರ್ಸಾನಾ?" ಎಂದರು. "ಮೊದ್ಲು ಮಾಡಿ ನೋಡಾನ, ಆಮೇಲೆ ಬಣ್ಣದ ಯೋಚ್ನೆ ಮಾಡಿದ್ರಾಯ್ತು" ಎಂದು ನಾನು ಸಮಾಧಾನ ಮಾಡಿ ಕಳಿಸಿದೆ. ಆ ಒಂದು ಮಾತು ಮುಂದೆ ನನ್ನನ್ನು ಚೆನ್ನಾಗಿ ಕಾಡಿತು.

ಚಿಪ್ಪು ಬೇಕು ಎಂದರೆ ನಮ್ಮೂರಲ್ಲಿ ಜನ ನಗುತ್ತಾರೆ. ಆದರೆ ನನಗೆ ಬೇಕಾದ ಚಿಪ್ಪು ಸಿಗಲು ಪಟ್ಟ ಪಾಡು ನನಗೇ ಗೊತ್ತು. ಹಸಿ ಕಾಯಿಯ ಚಿಪ್ಪಿನಲ್ಲಿ ತೇವ ಇರುತ್ತದೆ, ಒಣಗುವಾಗ ಸೀಳುತ್ತದೆ. ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂತು, ಒಳಗಿನ ತಿರುಳು ಒಣಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುವ ಉಂಡೆ ಕೊಬ್ಬರಿಯ ಚಿಪ್ಪೇ ಆಗಬೇಕು. ಹುಡುಗಿಯ ಮನೆಯ ಕೊಬ್ಬರಿ ಶೆಡ್ಡಿಗೇ ಹೋದೆ. ಅಲ್ಲಿ ಹೆಂಗಸರು ಸಾಲಾಗಿ ಕೂತು ಮಚ್ಚಿನ ಹಿಂಬದಿಯಿಂದ ಟಕಟಕ ಹೊಡೆದು ಚಿಪ್ಪು ಬಿಡಿಸುತ್ತಿದ್ದರು. ಉಂಡೆಗೆ ಒಂದು ಗಾಯವಾದರೂ ಮಾರುಕಟ್ಟೆಯಲ್ಲಿ ಅದು ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಸುತ್ತಲೂ ಸಣ್ಣ ಸಣ್ಣ ಏಟು, ಚಿಪ್ಪು ಚೂರುಚೂರು. ನನಗೆ ಬೇಕಾಗಿದ್ದು ಸರಿಯಾಗಿ ಉಲ್ಟಾ.

"ಒಂದೆರಡು ಏಟಿಗೆ ಹೋಳಾಗೋ ಹಂಗೆ ಹೊಡೀವ್ವ" ಎಂದೆ ಒಬ್ಬಾಕೆಗೆ.

"ಅಯ್ಯೋ ಅಕ್ಕಯ್ಯ, ಕೊಬ್ರಿ ಉಳ್ಸಿ ಉಳ್ಸಿ ಅಭ್ಯಾಸ ಆಗಿರೋ ಕೈ ಇದು. ಚಿಪ್ಪು ಉಳ್ಸು ಅಂದ್ರೆ ಮಾತು ಕೇಳಾಕಿಲ್ಲ" ಎಂದಳು. ಆದರೂ ನನ್ನ ಮುಲಾಜಿಗೆ ಜೋರಾಗಿ ಒಂದು ಕೊಟ್ಟಳು. ಚಿಪ್ಪೂ ಒಡೆಯಿತು, ಉಂಡೆಯೂ ಸೀಳಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು ನಮ್ಮಿಬ್ಬರ ಕೆಲಸ. ಕೊನೆಗೆ ಕಬ್ಬಿಣ ಕೊಯ್ಯುವ ಗರಗಸ ತಂದು, ಕಾಯಿಯನ್ನು ಕಾಲಲ್ಲಿ ಅದುಮಿ, ಚಿಪ್ಪಿನ ಸುತ್ತ ಒಂದು ಗೆರೆ ಕೊಯ್ದೆ. ಒಣಗಿದ ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡಿರುವುದರಿಂದ ಗರಗಸ ಅದಕ್ಕೆ ತಾಗಲಿಲ್ಲ. ಡಬ್ಬಿ ಮುಚ್ಚಳ ತೆಗೆದ ಹಾಗೆ ಚಿಪ್ಪು ಎರಡಾಗಿ ಬಿಚ್ಚಿಕೊಂಡಿತು. ಶೆಡ್ಡಿನ ಹೆಂಗಸರೆಲ್ಲ ಮಚ್ಚು ಕೆಳಗಿಟ್ಟು ನೋಡಿದರು. ಆವತ್ತಿನ ಖುಷಿ ಇವತ್ತಿಗೂ ಎದೆಯಲ್ಲಿದೆ.

ಮುಂದಿನ ತೊಡಕು ಚಿಪ್ಪಿನ ಡೊಂಕು. ಲೇಸರಿಗೆ ಮಸೂರದಿಂದ ವಸ್ತುವಿನವರೆಗೆ ಒಂದೇ ದೂರ ಇರಬೇಕು. ಅಕ್ರಿಲಿಕ್ ಹಾಳೆ ಚಪ್ಪಟೆ, ಚಿಪ್ಪು ಗುಡ್ಡ. ನಡುವೆ ಸೀಳಿದರೆ ಅಂಚಿನಲ್ಲಿ ಬರೀ ಮಸಿ. ದೊಡ್ಡ ಪದಕದ ಆಸೆ ಬಿಟ್ಟು ಹುಣಿಸೆಬೀಜದಿಂದ ಹೆಬ್ಬೆರಳಿನಗಲದವರೆಗಿನ ತುಣುಕುಗಳನ್ನೇ ಪೋಣಿಸುವುದೆಂದು ಗೊತ್ತು ಮಾಡಿದೆವು. ಪ್ರತಿ ತುಣುಕೂ ಮಟ್ಟವಾಗಿ ಕೂರಬೇಕಲ್ಲ, ಕೆಳಗೆ ಏನಾದರೂ ಮೆತ್ತಗಿನದು ಬೇಕು. ಕೈಗೆ ಸಿಕ್ಕಿದ್ದು ರಾಗಿ ಹಿಟ್ಟು. ಗಟ್ಟಿಯಾಗಿ ಕಲಸಿ, ತಟ್ಟೆಯಲ್ಲಿ ತಟ್ಟಿ, ಅದರ ಮೇಲೆ ಚಿಪ್ಪಿನ ಚೂರು ಒತ್ತಿ ಕೂರಿಸಿದೆ. ಚಿಪ್ಪು ದಾಟಿದ ಕಿರಣ ಹಿಟ್ಟನ್ನೂ ಸುಡುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಂದ ಗಂಡ ಮೂಗರಳಿಸಿ, "ಯಂತ್ರಕ್ಕೂ ಮುದ್ದೆ ಉಣ್ಣಿಸೋಕೆ ಶುರು ಮಾಡ್ದಾ? ಸಾರು ಏನು ಮಾಡಿದೀಯಾ?" ಎಂದರು. ಆ ದಿನ ಸಾರಿಗೆ ಉಪ್ಪು ಜಾಸ್ತಿ ಬಿತ್ತು.

ಹುಡುಗಿ ಸೆಂಟರು ಮುಗಿಸಿ ಬಂದು ನನ್ನ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುತ್ತಿದ್ದಳು. ಆಗತಾನೇ ಬಿರಿದ ಹೊಂಬಾಳೆ, ಅದರ ಎಳೆಗಳು, ಎಳೆಗಳಿಗಂಟಿದ ಮೊಗ್ಗು. ಅದನ್ನೇ ಜಾಲರಿ ಮಾಡಿ ಚಿಪ್ಪಿನಲ್ಲಿ ಕೊರೆದೆವು. ಕಿವಿಗೆ ಲೋಹದ ಕೊಕ್ಕೆ ಹಾಕುವ ಹಾಗಿರಲಿಲ್ಲ. ಕಿವಿ ಚುಚ್ಚಿಸಿದ ಹೊಸತರಲ್ಲಿ ತೂತು ಮುಚ್ಚದಿರಲೆಂದು ಅಜ್ಜಿಯರು ಪೊರಕೆ ಕಡ್ಡಿ ಸಿಕ್ಕಿಸುತ್ತಿದ್ದರಲ್ಲ, ಅದೇ ನೆನಪಾಗಿ ತೆಂಗಿನ ಗರಿಯ ಕಡ್ಡಿಯನ್ನು ನಯ ಮಾಡಿ ಚಿಪ್ಪಿನ ಕಿವಿಯೋಲೆಯ ಹಿಂದೆ ಅಂಟಿಸಿದೆ. ಜಾಲರಿಯ ಮೊದಲ ಸರ ಸಿದ್ಧವಾದಾಗ ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಷ್ಟು ನಾಜೂಕು ಕೆಲಸ ಕೈಯಲ್ಲಂತೂ ಆಗುತ್ತಿರಲಿಲ್ಲ. ಹುಡುಗಿ ಪರೀಕ್ಷೆಗೆಂದು ಅದನ್ನು ಹಾಕಿಕೊಂಡೇ ಮನೆಗೆ ಹೋದಳು.

ಮಾರನೆ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ತಾಯಿ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಮಗಳು. ಕತ್ತಿನ ಸುತ್ತ ಕಂದು ಕಲೆ, ಅದರಡಿ ಕೆಂಪು ಬರೆ.

"ನೋಡ್ರೀ ಮೇಷ್ಟ್ರಮ್ಮ ನಿಮ್ ಕೆಲ್ಸಾನ! ಚಿನ್ನ ಮಾಡಿದ್ದನ್ನೇ ನಿಮ್ ಚಿಪ್ಪೂ ಮಾಡ್ತು. ಇನ್ನೆಲ್ಲಿಗೆ ಕರ್ಕೊಂಡು ಹೋಗ್ಲಿ ಇವಳ್ನ?" ಎನ್ನುತ್ತಾ ಸರವನ್ನು ನನ್ನ ಮೇಲೆ ಎಸೆಯಲು ಎತ್ತಿದವರು ಹಾಗೇ ನಿಂತರು. ಮೂಗಿನ ಹತ್ತಿರ ತಂದು ಮೂಸಿದರು. "ಇದು ಹುಳುಕಡ್ಡಿಗೆ ಹಚ್ಚೋ ಎಣ್ಣೆ ವಾಸ್ನೆ ಅಲ್ವೇನ್ರೀ?"

ನಾನೂ ಮೂಸಿದೆ. ಹೌದು. ಮೈಮೇಲೆ ಹುಳುಕಡ್ಡಿ ಎದ್ದರೆ ನಮ್ಮ ಕಡೆ ಚಿಪ್ಪನ್ನು ಸುಟ್ಟು, ಅದರಿಂದ ಇಳಿಯುವ ಕಪ್ಪು ಎಣ್ಣೆ ಹಚ್ಚುತ್ತಾರೆ. ಉರಿ ತಡೆಯಲಾಗದೆ ಮಕ್ಕಳು ಬೀದಿ ತುಂಬ ಓಡುತ್ತಾರೆ, ನಾನೂ ಓಡಿದ್ದೇನೆ. ಲೇಸರ್ ಮಾಡುತ್ತಿದ್ದುದು ಅದನ್ನೇ. ಚಿಪ್ಪನ್ನು ಸುಟ್ಟು ಸೀಳುವಾಗ ಆ ಎಣ್ಣೆ ಅಂಚಿನಲ್ಲಿ ಅಂಟಿಕೊಂಡು, ಬೆವರಿಗೆ ಕರಗಿ ಚರ್ಮಕ್ಕೆ ಇಳಿದಿತ್ತು. ನನ್ನ ಬೆರಳುಗಳೂ ಅಷ್ಟು ದಿನದಿಂದ ಉರಿಯುತ್ತಿದ್ದವು, ಮರಳು ಕಾಗದದ ತರಚು ಅಂದುಕೊಂಡಿದ್ದೆ. ತಾಯಿಗೆ ವಿವರಿಸಿದೆ. ಇದು ಲೋಹದ ಗುಳ್ಳೆಯಲ್ಲ, ಸುಟ್ಟ ಎಣ್ಣೆಯ ಬರೆ, ತೊಳೆದರೆ ಹೋಗುವಂಥದ್ದು. ಅವರು ನಂಬಿದರೋ ಇಲ್ಲವೋ, ಕೂತರು. ನಾನು ಕಾಫಿ ತರಿಸಿದೆ.

ಜಾಲರಿಯನ್ನು ಉಳಿಸಿಕೊಳ್ಳಲು ಎಷ್ಟು ಒದ್ದಾಡಿದೆ! ಅದರ ತುಂಬ ಸೂಜಿಮೊನೆಯಂಥ ಕಿಂಡಿಗಳು, ಪ್ರತಿ ಕಿಂಡಿಯೊಳಗೂ ಸುಟ್ಟ ಅಂಚು. ಯಾವ ಅರವೂ ಒಳಗೆ ಹೋಗದು. ಹೊಟ್ಟೆ ಉರಿದರೂ ಜಾಲರಿ ಕೈಬಿಟ್ಟೆ. ಹೊಂಬಾಳೆಯ ಮೊಗ್ಗುಗಳನ್ನು ಮಾತ್ರ ಬಿಡಿಬಿಡಿಯಾಗಿ, ಕಿಂಡಿಯಿಲ್ಲದೆ, ದಾರಕ್ಕೊಂದೇ ತೂತಿಟ್ಟು ಕೊರೆದೆ. ಕಿರಣದ ಬಲ ತಗ್ಗಿಸಿ ಒಂದೇ ಗೆರೆಯ ಮೇಲೆ ಹಲವು ಸಲ ಓಡಿಸಿದೆ, ಹೊಗೆ ಅಂಟದ ಹಾಗೆ ಮೀನಿನ ತೊಟ್ಟಿಗೆ ಹಾಕುವ ಪಂಪಿನಿಂದ ಗಾಳಿ ಊದಿಸಿದೆ. ಆಮೇಲೆ ಬೂದಿ ನೀರಿನಲ್ಲಿ ಕುದಿಸುವುದು, ತೆಂಗಿನ ನಾರಿನಿಂದ ತಿಕ್ಕುವುದು, ಒಣಗಿಸಿ ಅಂಚನ್ನು ಮರಳು ಕಾಗದದಲ್ಲಿ ಉಜ್ಜುವುದು, ಮತ್ತೆ ಕುದಿಸುವುದು. ನೀರು ಚಹಾದ ಬಣ್ಣಕ್ಕೆ ತಿರುಗುವುದು ನಿಂತ ಮೇಲೆ ಜೇನುಮೇಣ ಸವರಿ ಬಟ್ಟೆಯಲ್ಲಿ ತಿಕ್ಕಿದೆ. ಮೊದಲು ನನ್ನ ಮೊಣಕೈ ಒಳಗೆ ಕಟ್ಟಿಕೊಂಡು ಇಡೀ ದಿನ ಅಡುಗೆ ಮಾಡಿದೆ. ಏನೂ ಆಗಲಿಲ್ಲ. ಆಮೇಲೆ ಅವಳ ಕೈಗೆ ಕಟ್ಟಿದೆ. ಬಿಚ್ಚಿದಾಗ ದಾರದ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ನಾವಿಬ್ಬರೂ ಕೈ ಕೈ ಹಿಡಿದು ಅಂಗಡಿಯೊಳಗೇ ಕುಣಿದೆವು.

ತಾಯಿ ಬಂದು ತಿರುಗಿಸಿ ಮುರುಗಿಸಿ ನೋಡಿದರು. "ಕೆಲ್ಸ ಚೆಂದಾಗೈತೆ. ಈಗ ಚಿನ್ನದ ಬಣ್ಣ ಹೊಡೀರಿ" ಎಂದರು.

ನಾನೇ ಆಡಿದ ಮಾತು, ಇಲ್ಲವೆನ್ನುವ ಹಾಗಿರಲಿಲ್ಲ. ಶೀಲ್ಡಿನ ಅಕ್ಷರಕ್ಕೆ ಹಚ್ಚುವ ಚಿನ್ನದ ಬಣ್ಣದ ಡಬ್ಬಿ ಕಪಾಟಿನಲ್ಲೇ ಇತ್ತು. ಕೈಗೆತ್ತಿಕೊಂಡ ಮೇಲೆ ಅನುಮಾನ ಬಂದು ಬಣ್ಣದ ಅಂಗಡಿಗೆ ಹೋಗಿ ಕೇಳಿದೆ. ಅದು ಬರೀ ಹಿತ್ತಾಳೆ ಪುಡಿಯಂತೆ. ತಾಯಿಗೆ ಹೇಳಿದೆ.

"ಮೇಲ್ಗಡೆ ಮಾತ್ರ ಹೊಡೀರಿ, ಕತ್ತಿಗೆ ತಾಗೋದು ಹಿಂದ್ಗಡೆ ತಾನೇ?" ಎಂದರು.

ಮಾಡಬಹುದಿತ್ತು. ಒಂದೆರಡು ಗಂಟೆಯಾದರೂ ತಡೆಯುತ್ತಿತ್ತೇನೋ. ಆದರೆ ಛತ್ರದ ಸೆಕೆಯಲ್ಲಿ, ವಿಡಿಯೋದವರ ದೀಪದ ಕೆಳಗೆ, ರೇಷ್ಮೆ ಸೀರೆಯೊಳಗೆ ಬೆವರು ಹರಿದರೆ ಪುಡಿ ಎಲ್ಲಿಗಿಳಿಯುತ್ತದೆ ಎಂದು ನನಗೆ ಕಾಣುತ್ತಿತ್ತು. ಅವಳ ಕತ್ತಿನ ಬರೆಗೆ ಒಂದು ಸಲ ನನ್ನ ಯಂತ್ರ ಕಾರಣವಾಗಿತ್ತು. ಡಬ್ಬಿಯನ್ನು ಕಪಾಟಿಗಿಟ್ಟು, "ಬಣ್ಣ ಮಾತ್ರ ನನ್ ಕೈಲಾಗಲ್ಲ ಅಮ್ಮಾರೆ" ಎಂದೆ.

"ಹಂಗಾದ್ರೆ ನಿಮ್ ಕೆಲ್ಸಾನೇ ಬ್ಯಾಡ ಬುಡಿ" ಎಂದು ಅವರು ಎದ್ದು ಹೊರಟೇಬಿಟ್ಟರು. ಮುಗಿಯಿತು ಅಂದುಕೊಂಡೆ. ಕುದಿಸಿ ತಿಕ್ಕಿದ ಮೊಗ್ಗುಗಳು ತಟ್ಟೆಯಲ್ಲಿ ಹಾಗೇ ಕೂತಿದ್ದವು, ನೋಡಿದರೆ ಅಳು ಬರುತ್ತಿತ್ತು. ಮರುದಿನ ಮಧ್ಯಾಹ್ನ ಹುಡುಗಿ ಒಬ್ಬಳೇ ಬಂದಳು. ಕೂರಲೂ ಇಲ್ಲ.

"ಬಣ್ಣ ಬ್ಯಾಡಕ್ಕ. ಹಿಂಗೇ ಪೋಣ್ಸಿ ಕೊಡಿ. ಅಮ್ಮನ್ನ ನಾನು ನೋಡ್ಕಂತೀನಿ" ಎಂದಳು. ಕೆಂಪು ರೇಷ್ಮೆ ದಾರ ತಂದು ಇಬ್ಬರೂ ಎದುರುಬದುರು ಕೂತು ಪೋಣಿಸಿದೆವು. ಕರೆಂಟು ಹೋಗಿತ್ತು, ಹಿಂಬಾಗಿಲು ತೆಗೆದಿಟ್ಟಿದ್ದೆವು. ಅವಳು ಗಂಡಿನ ಬಗ್ಗೆ, ಅವರ ತೋಟದ ಬಗ್ಗೆ ಏನೇನೋ ಹೇಳಿದಳು. ನನ್ನ ಕಸುಬಿನಲ್ಲಿ ಮತ್ತೆ ಅಂಥ ಮಧ್ಯಾಹ್ನ ಸಿಕ್ಕಿಲ್ಲ. ಆ ಗಾಜಿನ ಕೊಳವೆ ಒಡೆದು, ಯಂತ್ರ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಹೊಸ ಯಂತ್ರ ಬಲು ಚುರುಕು, ಆದರೂ ಅದಕ್ಕೆ ಹರವಿಯ ನೀರು ಹೊಯ್ಯುವಷ್ಟು ಸಲಿಗೆ ನನಗೆ ಬಂದಿಲ್ಲ.

ಮದುವೆಯ ಹಿಂದಿನ ಸಂಜೆ ಛತ್ರಕ್ಕೆ ಹೋದೆ. ಹುಡುಗಿ ಹಸಿರು ಸೀರೆಯಲ್ಲಿ, ಕೊರಳಿಗೆ ಕಪ್ಪುಗೆಂಪು ಮೊಗ್ಗುಗಳ ಸರ ಹಾಕಿಕೊಂಡು ಹಸೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ನಿಂತ ತಾಯಿ ಗಳಿಗೆಗೊಮ್ಮೆ ಮಗಳ ಸೆರಗನ್ನು ಕೊರಳ ಮೇಲಕ್ಕೆ ಎಳೆದು ಸರ ಮುಚ್ಚುತ್ತಿದ್ದರು. ಅಷ್ಟು ದಿನ ಅಂಚು, ಎಣ್ಣೆ, ಬಣ್ಣ ಎಂದು ತಲೆ ಕೆಡಿಸಿಕೊಂಡಿದ್ದ ನಾವು ಮೂವರೂ ಒಂದು ವಿಷಯ ಪೂರ್ತಿ ಮರೆತಿದ್ದೆವು. ಗಂಡಿನ ಕಡೆಯವರು ಸೀರೆ, ಒಡವೆ ಇಡುವಾಗ ಅತ್ತೆಯಾಗುವವರು ತಮ್ಮ ಕೈಯಾರೆ ಸೊಸೆಯ ಕೊರಳಿಗೆ ಒಂದು ಚಿನ್ನದ ಸರ ಹಾಕುತ್ತಾರೆ. ಆ ಹೆಂಗಸು ಸರ ಬಿಚ್ಚಿ ಹಿಡಿದು ಮುಂದೆ ಬಂದಾಗ ನಾನು ಎದ್ದು ನಿಂತೆ. ತಾಯಿಯ ಕೈ ಮಗಳ ಸೆರಗಿನ ಮೇಲೆ ಹಾಗೇ ಉಳಿಯಿತು.

ಹುಡುಗಿ ಅತ್ತೆಯ ಕೈ ಹಿಡಿದುಕೊಂಡಳು. "ಅತ್ತೆ, ಒಂದ್ನಿಮಿಷ. ಚಿನ್ನ ನನ್ ಕತ್ತಿಗೆ ಆಗಲ್ಲ, ಹಾಕಿದ್ರೆ ಗುಳ್ಳೆ ಏಳ್ತವೆ. ಅಂಟೋ ಕಾಯ್ಲೆ ಅಲ್ಲ, ಡಾಕ್ಟ್ರಿಗೆ ತೋರ್ಸಿದೀವಿ. ಇದು ತೆಂಗಿನ ಚಿಪ್ಪಿನ ಸರ. ನಿಮಗೆ ಬ್ಯಾಡ ಅನ್ಸಿದ್ರೆ ಈಗ್ಲೇ ಹೇಳ್ಬುಡಿ."

ಅತ್ತೆ ಬಗ್ಗಿ, ಸೆರಗಿನ ಕೆಳಗಿನಿಂದ ಒಂದು ಮೊಗ್ಗನ್ನು ಬೆರಳಲ್ಲಿ ಹಿಡಿದು ನೋಡಿದರು.

"ಚಿಪ್ಪಾ ಇದು? ನಾವು ಒಲೆಗಾಕ್ತೀವಿ ಕಣವ್ವ" ಎಂದರು. ಯಾರೋ ಹಿಂದಿನಿಂದ ಕಿಸಕ್ಕೆಂದರು. ಅತ್ತೆ ಅತ್ತ ತಿರುಗಿ ಒಂದು ನೋಟ ನೋಡಿದರು, ನಗು ನಿಂತಿತು. ಮತ್ತೆ ಹುಡುಗಿಯ ಕಡೆ ತಿರುಗಿ, "ಬ್ಯಾಡ ಅನ್ನಾಕೆ ನಾನ್ಯಾರವ್ವ? ಕತ್ತು ನಿಂದು. ಎಲ್ಲಿ, ಮಡ್ಲು ಹಿಡಿ" ಎಂದರು. ಹುಡುಗಿ ಮಡಿಲು ಒಡ್ಡಿದಳು. ಅತ್ತೆ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು ಹಾಕಿ, ಅದರ ಮೇಲೆ ಚಿನ್ನದ ಸರವನ್ನೂ ಇಳಿಬಿಟ್ಟರು. "ಕತ್ತಿಗೆ ಬರ್ದಿದ್ರೆ ಮಡ್ಲಿಗೆ ಬರ್ಲಿ."

ಹುಡುಗಿ ಆಗ ಅತ್ತಳು. ನಾನೂ ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ತಾಯಿ ಮಾತ್ರ ಅಳಲಿಲ್ಲ. ಬಗ್ಗಿ, ಅಷ್ಟು ಹೊತ್ತು ಎಳೆದೆಳೆದು ಮುಚ್ಚುತ್ತಿದ್ದ ಸೆರಗನ್ನು ಪಕ್ಕಕ್ಕೆ ಸರಿಸಿದರು. ಚಿಪ್ಪಿನ ಸರವನ್ನು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಮಗಳ ಎದೆಯ ಮೇಲೆ ನೇರ ಮಾಡಿ ಇಟ್ಟರು.